ಕಾಡುಮಾವು ಹಣ್ಣಾಗುವಾಗ ಹಣ್ಣು ನೊಣ: ಮೊಟ್ಟೆ ಬೀಳುವುದು ಯಾವಾಗ, ಮರವನ್ನು ಏನು ಮಾಡಬೇಕು?

ಪ್ರಶ್ನೆ: ಬೇಲಿಯಂಚು

ನಮ್ಮ ಜಮೀನಿನ ಗಡಿಯಲ್ಲಿ ಯಾರೂ ನೆಡದೆ ತಾನಾಗಿಯೇ ಬೆಳೆದ ಒಂದು ಕಾಡುಮಾವಿನ ಮರವಿದೆ. ಹಣ್ಣು ಸಣ್ಣದು, ನಾರು ಹೆಚ್ಚು, ಗೊರಟಿಗೆ ಅಂಟಿಕೊಂಡ ತೆಳ್ಳನೆಯ ತಿರುಳು. ಆದರೂ ಅದರ ಪರಿಮಳ ಕಸಿ ಮರದ ಹಣ್ಣಿಗಿಲ್ಲ. ಕಾಯಿ ಬಲಿಯುವವರೆಗೆ ಯಾವ ದೋಷವೂ ಕಾಣುವುದಿಲ್ಲ. ಹಣ್ಣಾಗತೊಡಗಿದ ಮೇಲೆ ಸಿಪ್ಪೆಯಲ್ಲಿ ಸೂಜಿಮೊನೆಯಷ್ಟು ಸಣ್ಣ ಕಪ್ಪು ಚುಕ್ಕೆ ಕಾಣಿಸುತ್ತದೆ, ಅದರ ಸುತ್ತ ಬೆರಳಿಟ್ಟರೆ ತಗ್ಗುವಷ್ಟು ಮೆತ್ತಗಾಗಿರುತ್ತದೆ, ಕೊಯ್ದರೆ ಒಳಗೆ ಬಿಳಿ ಹುಳುಗಳು ಹೊರಳಾಡುತ್ತಿರುತ್ತವೆ. ಕೆಲವು ಹಣ್ಣುಗಳಲ್ಲಂತೂ ಹೊರಗೆ ಚುಕ್ಕೆಯೂ ಇಲ್ಲ, ವಾಸನೆಯಲ್ಲೂ ವ್ಯತ್ಯಾಸವಿಲ್ಲ. ಹುಳು ಇರುವುದು ಕೊಯ್ದ ಮೇಲೆಯೇ ತಿಳಿಯುತ್ತದೆ.

ಮರದಲ್ಲೇ ಕಳಿಯಲಿ ಎಂದು ಕಾದರೆ ಹುಳುವಿಲ್ಲದ ಹಣ್ಣು ಸಿಗುವುದೇ ಅಪರೂಪವಾಗಿದೆ. ಹಾಗಾದರೆ ನೊಣ ಮೊಟ್ಟೆಯಿಡುವುದು ಯಾವ ಹಂತದಲ್ಲಿ? ಬಲಿತ ಕಾಯಿಯನ್ನೇ ಕಿತ್ತು ಅಡೆ ಹಾಕಿದರೆ ಹುಳುವಿನಿಂದ ತಪ್ಪಿಸಿಕೊಳ್ಳಬಹುದೇ? ಹುಳು ಬಿದ್ದ ಹಣ್ಣಿನ ಗೊರಟನ್ನು ಬಿತ್ತನೆಗೆ ಬಳಸಬಹುದೇ?

ಇದಲ್ಲದೆ ಪಕ್ಕದ ತೋಟದವರದ್ದೊಂದು ದೂರಿದೆ. ಅವರು ಕಸಿ ಮಾವು ಬೆಳೆಯುತ್ತಾರೆ. ತಮ್ಮ ಹಣ್ಣಿಗೆ ತಗಲುವ ನೊಣವೆಲ್ಲ ಈ ಮರದ ಬುಡದಿಂದಲೇ ಏಳುತ್ತದೆ, ಮರವನ್ನು ಕಡಿಸದೆ ಬೇರೆ ದಾರಿಯಿಲ್ಲ ಎಂಬುದು ಅವರ ವಾದ. ಜಗಳವಾಡಿ ಹೇಳಿದ ಮಾತಲ್ಲ, ಸ್ನೇಹದಿಂದಲೇ ಹೇಳಿದ್ದು. ಆದರೆ ಕಡಿದ ಮರವನ್ನು ಮತ್ತೆ ನಿಲ್ಲಿಸಲಾಗದು. ಆದ್ದರಿಂದ ತಿಳಿದವರ ಅಭಿಪ್ರಾಯ ಕೇಳಿ ನಿರ್ಧರಿಸೋಣವೆಂದು ಇಲ್ಲಿ ಬರೆಯುತ್ತಿದ್ದೇನೆ.

ಉತ್ತರ: ಕೀಟಗಣ್ಣು

ಹಣ್ಣಿನ ಸುತ್ತ ಸುಳಿಯುವ ನೊಣಗಳಲ್ಲಿ ಎರಡು ಬೇರೆ ಬೇರೆ ಕುಟುಂಬಗಳಿವೆ, ಅವೆರಡನ್ನೂ ಜನ ಒಂದೇ ಹೆಸರಿನಿಂದ ಕರೆಯುತ್ತಾರೆ. ಮೊದಲು ಈ ಗೊಂದಲ ಬಿಡಿಸಿಕೊಳ್ಳುವುದು ಒಳ್ಳೆಯದು. ಕೊಳೆತ ಹಣ್ಣಿಗೆ ಮುತ್ತುವ, ಎರಡು ಮೂರು ಮಿಲಿಮೀಟರ್ ಉದ್ದದ ಕೆಂಗಣ್ಣಿನ ನೊಣಗಳು ಡ್ರೊಸೊಫಿಲಾ ಗುಂಪಿನವು. ಗಟ್ಟಿ ಸಿಪ್ಪೆಯನ್ನು ಚುಚ್ಚುವ ಶಕ್ತಿ ಅವುಗಳಿಗಿಲ್ಲ. ಒಡೆದು ಹುಳಿಬಂದ ಹಣ್ಣನ್ನೇ ಹುಡುಕಿ ಮೊಟ್ಟೆಯಿಡುತ್ತವೆ. ಮೊಟ್ಟೆನಾಳದ ಅಂಚು ಗರಗಸದಂತಿರುವ ಡ್ರೊಸೊಫಿಲಾ ಸುಜುಕಿ ಇದಕ್ಕೆ ಅಪವಾದ. 2008ರಲ್ಲಿ ಕ್ಯಾಲಿಫೋರ್ನಿಯಾದಲ್ಲೂ ದಕ್ಷಿಣ ಯುರೋಪಿನಲ್ಲೂ ಕಾಣಿಸಿಕೊಂಡ ಅದು ಚೆರ್ರಿ, ಸ್ಟ್ರಾಬೆರಿಗಳಂಥ ತೆಳುಸಿಪ್ಪೆಯ ಹಣ್ಣುಗಳಿಗೆ ಪಿಡುಗಾಗಿ ಪರಿಣಮಿಸಿತು. ನಿಮ್ಮ ಮಾವಿನ ಪ್ರಶ್ನೆಗೆ ಅದು ಸಂಬಂಧಿಸಿದ್ದಲ್ಲ. ನೀವು ವರ್ಣಿಸಿರುವ ಹಾನಿ ಟೆಫ್ರಿಟಿಡೀ ಕುಟುಂಬದ ನೊಣದ್ದು. ಮಾವಿನಲ್ಲಿ ಅದು ಬಹುಮಟ್ಟಿಗೆ ಬ್ಯಾಕ್ಟ್ರೊಸೆರಾ ಡಾರ್ಸಾಲಿಸ್ ಆಗಿರುತ್ತದೆ, ಇಲ್ಲವೇ ಅದರ ಹತ್ತಿರದ ಬಂಧುವಾಗಿರುತ್ತದೆ. ಗಾತ್ರದಲ್ಲಿ ಹೆಚ್ಚುಕಡಿಮೆ ಮನೆನೊಣದಷ್ಟು, ಎದೆಯ ಇಕ್ಕೆಲಗಳಲ್ಲಿ ಹಳದಿ ಪಟ್ಟೆ, ತಿಳಿಯಾದ ರೆಕ್ಕೆ. ಮೊದಲ ನೋಟಕ್ಕೆ ಕಣಜವೆಂದೇ ಅನ್ನಿಸುತ್ತದೆ.

ಈ ಜಾತಿಯ ಹೆಣ್ಣು ಹಣ್ಣಿನ ಮೇಲೆ ಕುಳಿತು, ಸ್ವಲ್ಪ ಹೊತ್ತು ಅತ್ತಿತ್ತ ನಡೆದಾಡಿ, ಹೊಟ್ಟೆಯ ತುದಿಯನ್ನು ಕೆಳಕ್ಕೆ ಬಾಗಿಸಿ, ಸೂಜಿಯಂಥ ನಾಳವನ್ನು ಸಿಪ್ಪೆಯೊಳಗೆ ಇಳಿಸುತ್ತದೆ. ಬಾಗಿದ ಬಿಳಿ ಕಡ್ಡಿಯಂತೆ ಕಾಣುವ, ಸುಮಾರು ಒಂದು ಮಿಲಿಮೀಟರ್ ಉದ್ದದ ಮೊಟ್ಟೆಗಳನ್ನು ಒಂದೇ ತೂತಿನಲ್ಲಿ ಗುಂಪಾಗಿ ಇಟ್ಟುಬಿಡುತ್ತದೆ. ಒಂದು ಹೆಣ್ಣು ಇಟ್ಟುಹೋದ ತೂತಿನಲ್ಲೇ ಇನ್ನೊಂದು ಬಂದು ಇಡುವುದೂ ಉಂಟು. ಬೆಚ್ಚನೆಯ ಹವೆಯಲ್ಲಿ ಮೊಟ್ಟೆ ಒಂದೆರಡು ದಿನಗಳಲ್ಲಿ ಒಡೆಯುತ್ತದೆ, ಹುಳು ಮೂರು ಹಂತಗಳಲ್ಲಿ ವಾರದಿಂದ ಹತ್ತು ದಿನ ತಿರುಳು ತಿಂದು ಬೆಳೆಯುತ್ತದೆ, ಆಮೇಲೆ ಹಣ್ಣನ್ನು ಬಿಟ್ಟು ಹೊರಬಂದು ಮಣ್ಣಿನಲ್ಲಿ ಕೆಲವು ಸೆಂಟಿಮೀಟರ್ ಆಳಕ್ಕಿಳಿದು ಕಂದು ಬಣ್ಣದ ಕೋಶವಾಗುತ್ತದೆ. ಸುಮಾರು ಹತ್ತು ದಿನಗಳ ನಂತರ ಕೋಶದಿಂದ ಹೊಸ ನೊಣ ಏಳುತ್ತದೆ. ತಣ್ಣನೆಯ ಹವೆಯಲ್ಲಿ ಇವೆಲ್ಲವೂ ನಿಧಾನ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರೋಣ. ಕಳಿತ ಹಣ್ಣಿನಲ್ಲಿ ಹುಳು ದೊಡ್ಡದಾಗಿ ಕಾಣುತ್ತಿದೆಯೆಂದರೆ ಮೊಟ್ಟೆ ಬಿದ್ದದ್ದು ಅದಕ್ಕೆ ಸುಮಾರು ಒಂದು ವಾರ ಮೊದಲು, ಅಂದರೆ ಬಲಿತ ಕಾಯಿ ದೋರೆಗಾಯಾಗುವ ಹೊತ್ತಿನಲ್ಲಿ. ಎಳೆಗಾಯಿಗೆ ಅಷ್ಟಾಗಿ ಏಕೆ ತಗಲುವುದಿಲ್ಲವೆಂಬುದಕ್ಕೆ ಕಾರಣ ಮಾವಿನ ಸಿಪ್ಪೆಯಲ್ಲೇ ಇದೆ. ಸಿಪ್ಪೆಯ ತುಂಬ ಸೊನೆ ಹರಿಯುವ ನಾಳಗಳ ಜಾಲವಿರುತ್ತದೆ. ನೊಣ ಚುಚ್ಚಿದ ಜಾಗದಲ್ಲಿ ಸೊನೆ ಒಸರಿ ಮೊಟ್ಟೆಯನ್ನೂ ಮರಿಹುಳುವನ್ನೂ ಮುಳುಗಿಸುತ್ತದೆ. ಕಾಯಿ ಬಲಿತಂತೆಲ್ಲ ಸೊನೆಯ ಒತ್ತಡ ತಗ್ಗುತ್ತದೆ, ಸಿಪ್ಪೆ ಮೆತ್ತಗಾಗುತ್ತದೆ, ಹುಳಿಯೂ ಒಗರೂ ಇಳಿದು ಸಕ್ಕರೆ ಏರುತ್ತದೆ, ಪರಿಮಳದ ಆವಿ ಹೊರಗೆ ಹರಡುತ್ತದೆ. ಹೆಣ್ಣು ನೊಣ ಈ ಪರಿಮಳದ ಜಾಡು ಹಿಡಿದು ಬಂದು, ಹತ್ತಿರದಲ್ಲಿ ದುಂಡನೆಯ ಆಕಾರವನ್ನೂ ಹಳದಿಗೆ ತಿರುಗುವ ಬಣ್ಣವನ್ನೂ ಗುರುತಿಸುತ್ತದೆ. ಹಕ್ಕಿಗೂ ಬಾವಲಿಗೂ ಹಣ್ಣು ಸಿದ್ಧವಾಗಿದೆಯೆಂದು ಮರ ಕೊಡುವ ಸೂಚನೆಗಳನ್ನೇ ನೊಣ ಅವುಗಳಿಗಿಂತ ಕೆಲವು ದಿನ ಮೊದಲು ಓದಿಕೊಳ್ಳುತ್ತದೆ ಎನ್ನಬಹುದು.

ಹುಳುವಿನಷ್ಟೇ ಮುಖ್ಯವಾದ ಇನ್ನೊಂದು ಅಂಶವನ್ನು ಹೆಚ್ಚಿನವರು ಗಮನಿಸುವುದಿಲ್ಲ. ಮೊಟ್ಟೆಯ ಜೊತೆಗೆ ನೊಣದ ಕರುಳಿನ ಬ್ಯಾಕ್ಟೀರಿಯಾಗಳೂ ತಿರುಳನ್ನು ಸೇರುತ್ತವೆ. ಅವು ತಿರುಳನ್ನು ಕೊಳೆಸುತ್ತಾ ಹೋಗುತ್ತವೆ, ಹುಳು ಆ ಮೆದುವಾದ ಭಾಗವನ್ನು ತಿನ್ನುತ್ತದೆ. ನೀವು ಬೆರಳಿಟ್ಟಾಗ ತಗ್ಗುವ ಜಾಗ ಹುಳು ತಿಂದದ್ದಕ್ಕಿಂತ ಹೆಚ್ಚಾಗಿ ಈ ಕೊಳೆತದ ಫಲ.

ಖಚಿತಪಡಿಸಿಕೊಳ್ಳಬೇಕಾದರೆ ಅನುಮಾನದ ಹಣ್ಣುಗಳನ್ನು ತೂಕ ಮಾಡಿ, ತಳದಲ್ಲಿ ಒಣ ಮರಳು ಹರಡಿದ ಡಬ್ಬಿಯಲ್ಲಿಟ್ಟು, ಬಾಯಿಗೆ ತೆಳು ಬಟ್ಟೆ ಕಟ್ಟಿಡಿ. ಮರಳನ್ನು ಜರಡಿ ಹಿಡಿದರೆ ಅಕ್ಕಿಕಾಳಿನಷ್ಟು ದೊಡ್ಡ ಕೋಶಗಳು ಸಿಗುತ್ತವೆ. ಒಂದು ಕಿಲೋ ಹಣ್ಣಿಗೆ ಎಷ್ಟು ಕೋಶವೆಂಬುದೇ ಬಾಧೆಯ ಅಳತೆ. ನೊಣ ಎದ್ದ ತಕ್ಷಣ ಜಾತಿ ಗುರುತಿಸಲು ಹೋಗಬೇಡಿ. ಮೈಬಣ್ಣ ಪೂರ್ತಿ ಮೂಡಲು ಅವುಗಳಿಗೆ ಸಕ್ಕರೆ ನೀರು ಕೊಟ್ಟು ಮೂರು ನಾಲ್ಕು ದಿನ ಕಾಯಬೇಕಾಗುತ್ತದೆ.

ಉತ್ತರ: ತೋಟದಾಕೆ

ಮೇಲಿನವರು ಜೀವನಚಕ್ರ ವಿವರಿಸಿದ್ದಾರೆ. ನಾನು ಕೆಲಸದ ಮಾತಷ್ಟೇ ಹೇಳುತ್ತೇನೆ. ಬಲಿತ ಕಾಯಿಯನ್ನು ಕಿತ್ತು ಅಡೆ ಹಾಕುವ ನಿಮ್ಮ ಯೋಚನೆ ಸರಿ. ಆದರೆ ಅದರಿಂದ ಬಾಧೆ ಬಹಳ ಮಟ್ಟಿಗೆ ಕಡಿಮೆಯಾದೀತೇ ಹೊರತು ಪೂರ್ತಿ ನಿಲ್ಲದು, ಏಕೆಂದರೆ ನೊಣದ ಸಂಖ್ಯೆ ಹೆಚ್ಚಿರುವ ಕಾಲದಲ್ಲಿ ಹಸಿರಾಗಿಯೇ ಇರುವ ಬಲಿತ ಕಾಯಿಗೂ ಚುಚ್ಚುತ್ತದೆ. ಕೀಳುವ ಹೊತ್ತನ್ನು ತಿಳಿಯಲು ಎರಡು ಗುರುತುಗಳನ್ನು ನೋಡಿ: ತೊಟ್ಟಿನ ಇಕ್ಕೆಲಗಳಲ್ಲಿ ಕಾಯಿಯ ಹೆಗಲು ಉಬ್ಬಿ ತೊಟ್ಟು ಸ್ವಲ್ಪ ತಗ್ಗಿನಲ್ಲಿ ಕೂತಂತೆ ಕಾಣಬೇಕು, ಮರದಿಂದ ಒಂದೆರಡು ಹಣ್ಣು ತಾವಾಗಿಯೇ ಬೀಳತೊಡಗಿರಬೇಕು. ಆ ಮೊದಲ ಹಣ್ಣುಗಳು ಬಿದ್ದಾಗ ಉಳಿದ ಬಲಿತ ಕಾಯಿಗಳನ್ನು ತಡಮಾಡದೆ ಇಳಿಸಬೇಕು. ಮರದಲ್ಲೇ ಕಳಿಯಲೆಂದು ಬಿಟ್ಟ ಪ್ರತಿದಿನವೂ ನೊಣದ ಪಾಲಿಗೆ ಹೋಗುತ್ತದೆ.

ಕಿತ್ತ ಕಾಯಿಯಲ್ಲಿ ಮೊಟ್ಟೆ ಇದ್ದರೆ ಬಿಸಿನೀರಿನಿಂದ ಕೊಲ್ಲಬಹುದು. ರಫ್ತಾಗುವ ಮಾವಿಗೆ ಹಲವು ದೇಶಗಳು ಒಪ್ಪಿರುವ ಕ್ರಮವೆಂದರೆ ಸುಮಾರು 46 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಮುಳುಗಿಸಿಡುವುದು. ಸಣ್ಣ ಹಣ್ಣಿಗೆ ಒಂದು ಗಂಟೆಗಿಂತ ತುಸು ಹೆಚ್ಚು ಕಾಲ ಸಾಕು, ದೊಡ್ಡದಕ್ಕೆ ಒಂದೂವರೆ ಗಂಟೆ ಅಥವಾ ಅದಕ್ಕೂ ಹೆಚ್ಚು ಬೇಕು. ಇದು ಕೇಳುವುದಕ್ಕೆ ಸುಲಭ. ಮಾಡುವಾಗ ನೀರಿನ ಶಾಖ ಎರಡು ಮೂರು ಡಿಗ್ರಿ ಏರಿದರೂ ಸಿಪ್ಪೆ ಸುಟ್ಟು ಕಪ್ಪಾಗಬಹುದು, ಇಳಿದರೆ ಮೊಟ್ಟೆ ಸಾಯುವುದಿಲ್ಲ. ಉಷ್ಣಮಾಪಕವಿಲ್ಲದೆ ಕೈ ಅದ್ದಿ ಅಂದಾಜು ಮಾಡುವುದಾದರೆ ಈ ಕೆಲಸಕ್ಕೆ ಇಳಿಯದಿರುವುದೇ ಮೇಲು. ಬಲಿಯದ ಕಾಯಿಯನ್ನು ಹೀಗೆ ಬಿಸಿ ಮಾಡಿದರೆ ಅದು ಸರಿಯಾಗಿ ಹಣ್ಣಾಗುವುದೂ ಇಲ್ಲ. ಹಣ್ಣಿಗೆ ಚೀಲ ಕಟ್ಟುವ ಉಪಾಯ ಕಸಿ ಗಿಡಕ್ಕೆ ಒಳ್ಳೆಯದು. ನಿಮ್ಮ ಹಳೆಯ ಮರದ ತುದಿಕೊಂಬೆಗಳಿಗೆ ಏರಿ ಚೀಲ ಕಟ್ಟುವ ಸಾಹಸವನ್ನು ನಾನಂತೂ ಯಾರಿಗೂ ಹೇಳಲಾರೆ.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಬಿದ್ದ ಹಣ್ಣು. ಹುಳು ಬಿದ್ದ ಹಣ್ಣು ಬೇಗ ಉದುರುತ್ತದೆ, ಹುಳು ಅದರಿಂದ ಹೊರಬಂದು ಅಲ್ಲೇ ಮಣ್ಣಿಗಿಳಿಯುತ್ತದೆ. ಆದ್ದರಿಂದ ವಾರಕ್ಕೊಮ್ಮೆ ಆರಿಸಿದರೆ ಸಾಲದು. ಹಣ್ಣು ಬೀಳುವ ಕಾಲದಲ್ಲಿ ದಿನವೂ, ಆಗದಿದ್ದರೆ ದಿನ ಬಿಟ್ಟು ದಿನವಾದರೂ ಆರಿಸಬೇಕು. ಆರಿಸಿದ್ದನ್ನು ಗೊಬ್ಬರದ ಗುಂಡಿಗೆ ಎಸೆದರೆ ನೊಣವನ್ನು ಕೈಯಾರೆ ಸಾಕಿದಂತಾಗುತ್ತದೆ. ತೆಳ್ಳಗೆ ಮಣ್ಣು ಮುಚ್ಚಿದರೂ ಪ್ರಯೋಜನವಿಲ್ಲ, ಏಕೆಂದರೆ ಕೋಶದಿಂದೆದ್ದ ನೊಣ ಸಡಿಲ ಮಣ್ಣನ್ನು ತೂರಿಕೊಂಡು ಮೇಲೆ ಬರಬಲ್ಲದು. ಅರ್ಧ ಮೀಟರಿಗಿಂತ ಆಳದ ಗುಂಡಿ ತೋಡಿ ಮಣ್ಣನ್ನು ತುಳಿದು ಗಟ್ಟಿ ಮಾಡಬೇಕು. ಅದಕ್ಕಿಂತ ಸುಲಭದ ದಾರಿಯೆಂದರೆ ದಪ್ಪ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ, ಬಾಯಿ ಬಿಗಿದು, ಒಂದು ವಾರ ಬಿಸಿಲಿನಲ್ಲಿ ಬಿಡುವುದು. ಚೀಲದಲ್ಲಿ ಒಂದು ಸಣ್ಣ ತೂತೂ ಇರಬಾರದು.

ಮೋಹಕ ಬಲೆಯ ಬಗ್ಗೆಯೂ ಯಾರಾದರೂ ಹೇಳಿಯೇ ಹೇಳುತ್ತಾರೆ. ಮೀಥೈಲ್ ಯೂಜಿನಾಲ್ ಎಂಬ ವಾಸನೆಯ ವಸ್ತು ಹಾಕಿದ ಬಲೆಗೆ ಬೀಳುವುದು ಗಂಡು ನೊಣ ಮಾತ್ರ. ಬಲೆ ತುಂಬಿದ್ದನ್ನು ನೋಡಿ ಸಂತೋಷಪಡುವವರು ಇದನ್ನು ಮರೆಯುತ್ತಾರೆ: ಉಳಿದ ಕೆಲವೇ ಗಂಡುಗಳು ಹಲವು ಹೆಣ್ಣುಗಳಿಗೆ ಸಾಕು, ಈಗಾಗಲೇ ಕೂಡಿದ ಹೆಣ್ಣಿಗಂತೂ ಬಲೆಯಿಂದ ಯಾವ ಅಡ್ಡಿಯೂ ಇಲ್ಲ. ಒಂದು ಮರಕ್ಕೆ ಒಂದು ಬಲೆ ನೇತುಹಾಕುವುದು ನೊಣ ಯಾವಾಗ ಹೆಚ್ಚುತ್ತದೆಂದು ತಿಳಿಯಲು ಉಪಯುಕ್ತ, ಹಣ್ಣು ಉಳಿಸಿಕೊಳ್ಳಲು ಅಲ್ಲ.

ಮರುಪ್ರಶ್ನೆ: ಬೇಲಿಯಂಚು

ಇಬ್ಬರಿಗೂ ಧನ್ಯವಾದಗಳು. ಕೊಯ್ದ ಹಣ್ಣಿನಿಂದ ಹೊರಬಿದ್ದ ಹುಳುಗಳು ಮೈಯನ್ನು ಬಳೆಯಂತೆ ಬಾಗಿಸಿ ಥಟ್ಟನೆ ನೆಗೆಯುತ್ತವೆ. ಇದು ಕೀಟಗಣ್ಣು ಅವರು ಹೇಳಿದ ಜಾತಿಯದ್ದೇ ಲಕ್ಷಣವೇ? ಇನ್ನೊಂದು ವಿಷಯ, ಮರದ ಬುಡದ ಒಂದು ಬದಿ ಇಳಿಜಾರು, ಅಲ್ಲಿ ಪೊದೆ ದಟ್ಟವಾಗಿದೆ, ಬಿದ್ದ ಹಣ್ಣುಗಳನ್ನೆಲ್ಲ ಆರಿಸುವುದು ಸಾಧ್ಯವಿಲ್ಲ. ಕಡಿಯುವ ಮಾತಿಗೆ ಯಾರೂ ಉತ್ತರಿಸಿಲ್ಲ.

ಉತ್ತರ: ಕೀಟಗಣ್ಣು

ಹೌದು, ಪೂರ್ತಿ ಬೆಳೆದ ಟೆಫ್ರಿಟಿಡ್ ಹುಳು ಬಾಯಿಯ ಕೊಕ್ಕೆಯಿಂದ ತನ್ನ ಹಿಂಬದಿಯನ್ನು ಹಿಡಿದು, ಮೈ ಬಿಗಿದು, ಒಮ್ಮೆಲೆ ಬಿಟ್ಟು ಚಿಮ್ಮುತ್ತದೆ. ಹಣ್ಣು ಬಿಟ್ಟು ಮಣ್ಣು ಹುಡುಕಲು ಹೊರಟ ಹುಳುವಿನ ನಡೆಯದು. ತಲೆಯ ಕಡೆ ಚೂಪಾಗಿ, ಹಿಂಬದಿ ಮೊಂಡಾಗಿ ಇದ್ದರೆ, ಕಾಲುಗಳಾಗಲಿ ಗಟ್ಟಿಯಾದ ಕಂದು ತಲೆಯಾಗಲಿ ಇಲ್ಲದಿದ್ದರೆ ಅನುಮಾನವೇ ಬೇಡ. ಕಂದು ತಲೆಯ ಕಾಲಿಲ್ಲದ ಹುಳು ಗೊರಟಿನ ಒಳಗೇ ಸಿಕ್ಕರೆ ಅದು ಗೊರಟಿನ ಮೂತಿಹುಳು, ಬೇರೆಯದೇ ಕೀಟ.

ಉತ್ತರ: ಕಾಡುಹಾದಿ

ಕಡಿಯುವ ಮಾತಿಗೆ ನಾನು ಉತ್ತರಿಸುತ್ತೇನೆ. ನಿಮ್ಮ ನೆರೆಯವರ ಮಾತಿನಲ್ಲಿ ಅರ್ಧ ನಿಜವಿದೆ. ಕಾಡುಮರದ ಕೆಳಗೆ ಯಾರೂ ಆರಿಸದೆ ಬಿಟ್ಟ ಹಣ್ಣಿನಿಂದ ನೊಣ ಏಳುತ್ತದೆ, ಏಳುವ ನೊಣ ಹಾರಿಹೋಗಿ ತೋಟವನ್ನು ಸೇರುತ್ತದೆ. ಆದರೆ ಬ್ಯಾಕ್ಟ್ರೊಸೆರಾ ಡಾರ್ಸಾಲಿಸ್‌ಗೆ ಆಶ್ರಯ ಕೊಡುವ ಸಸ್ಯಗಳು ಮುನ್ನೂರಕ್ಕೂ ಹೆಚ್ಚು ಇವೆ. ಸೀಬೆಯಿಂದ ಹಿಡಿದು ಬಾದಾಮಿ ಮರದವರೆಗೆ, ಒಂದಲ್ಲ ಒಂದು ಹಣ್ಣು ಯಾವ ಕಾಲದಲ್ಲೂ ಸಿಗುತ್ತದೆ. ಆ ನೊಣಕ್ಕೆ ಹಲವು ಕಿಲೋಮೀಟರ್ ಹಾರುವ ಶಕ್ತಿಯೂ ಇದೆ. ಒಂದು ಮರ ಕಡಿದ ಮಾತ್ರಕ್ಕೆ ತೋಟಕ್ಕೆ ಬರುವ ನೊಣ ನಿಲ್ಲುತ್ತದೆಂದು ನಂಬಲು ಕಾರಣವಿಲ್ಲ.

ಉಳಿದರ್ಧ ಅವರು ಎಣಿಕೆಗೆ ತೆಗೆದುಕೊಳ್ಳದೆ ಬಿಟ್ಟದ್ದು. ಅದೇ ಕಾಡುಹಣ್ಣಿನಿಂದ ನೊಣದ ವೈರಿಗಳೂ ಏಳುತ್ತವೆ. ಬ್ರಕೋನಿಡೀ ಕುಟುಂಬದ ಹಲವು ಸಣ್ಣ ಕಣಜಗಳು ಹಣ್ಣಿನ ಮೇಲೆ ಕುಳಿತು, ಒಳಗೆ ಹುಳುವಿರುವ ಜಾಗವನ್ನು ಪತ್ತೆ ಹಚ್ಚಿ, ಕೂದಲಿನಂಥ ನಾಳವನ್ನು ಇಳಿಸಿ ಹುಳುವಿನ ಮೈಯೊಳಗೆ ಮೊಟ್ಟೆಯಿಡುತ್ತವೆ. ಫೋಪಿಯಸ್ ಅರಿಸಾನಸ್ ಎಂಬ ಕಣಜ ಇನ್ನೂ ಮುಂದಕ್ಕೆ ಹೋಗಿ ನೊಣದ ಮೊಟ್ಟೆಯೊಳಗೇ ತನ್ನ ಮೊಟ್ಟೆ ಇಡುತ್ತದೆ. ನೊಣದ ಹುಳು ಎಂದಿನಂತೆ ಬೆಳೆದು ಮಣ್ಣಿಗಿಳಿದು ಕೋಶವಾದ ಮೇಲೆ ಕೋಶದಿಂದ ಹೊರಬರುವುದು ನೊಣವಲ್ಲ, ಕಣಜ. ಹವಾಯಿ ದ್ವೀಪಗಳಿಗೆ ಈ ನೊಣ 1940ರ ದಶಕದಲ್ಲಿ ಬಂದಾಗ ಅದರ ಬೆನ್ನಲ್ಲೇ ಈ ಕಣಜವನ್ನೂ ಅಲ್ಲಿಗೆ ತಂದು ಬಿಡಲಾಯಿತು, ಅಲ್ಲಿ ಅದು ನೊಣದ ಮುಖ್ಯ ವೈರಿಯಾಗಿ ನೆಲೆಸಿದೆ. ಗಮನಿಸಬೇಕಾದದ್ದು ತಿರುಳಿನ ದಪ್ಪ. ದೊಡ್ಡ ಕಸಿ ಹಣ್ಣಿನಲ್ಲಿ ಹುಳು ಆಳಕ್ಕಿಳಿದು ಕಣಜದ ನಾಳಕ್ಕೆ ಎಟುಕದೆ ಉಳಿದುಬಿಡುತ್ತದೆ. ತಿರುಳು ತೆಳ್ಳಗಿರುವ ಸಣ್ಣ ಕಾಡುಹಣ್ಣಿನಲ್ಲಿ ಅದಕ್ಕೆ ಅಡಗಲು ಜಾಗವಿಲ್ಲ. ಆದ್ದರಿಂದಲೇ ಸಣ್ಣ ಕಾಡುಹಣ್ಣುಗಳಲ್ಲಿ ಕಣಜ ತಗಲಿದ ಹುಳುಗಳ ಪಾಲು ಸಾಮಾನ್ಯವಾಗಿ ಹೆಚ್ಚಿರುತ್ತದೆ. ಚಗಳಿ ಇರುವೆಯ ಗೂಡು ಆ ಮರದಲ್ಲಿದ್ದರೆ ಅದನ್ನೂ ಕೆಡಿಸಬೇಡಿ. ಅವು ಓಡಾಡುವ ಹಣ್ಣಿನ ಮೇಲೆ ನೊಣ ಕೂರಲು ಹಿಂಜರಿಯುತ್ತದೆ, ಕೆಳಗೆ ಬಿದ್ದ ಹುಳುವನ್ನೂ ಅವು ಹೊತ್ತೊಯ್ಯುತ್ತವೆ.

ತೋಟದಾಕೆಯವರ ಸಲಹೆಯೊಂದನ್ನು ಇಲ್ಲಿ ಸ್ವಲ್ಪ ತಿದ್ದಬೇಕೆನಿಸುತ್ತದೆ. ಕಪ್ಪು ಚೀಲದಲ್ಲಿ ನೊಣದ ಜೊತೆ ಕಣಜವೂ ಸಾಯುತ್ತದೆ. ಹವಾಯಿಯಲ್ಲಿ ಬಳಕೆಗೆ ತಂದ ಬಲೆಗೂಡಾರದ ವಿಧಾನ ಇದಕ್ಕಿಂತ ಒಳ್ಳೆಯದು: ತಳಭಾಗ ನೆಲಕ್ಕೆ ಬಿಗಿಯಾಗಿ ಕೂರುವ ಸಣ್ಣ ಗುಡಾರದೊಳಗೆ ಬಿದ್ದ ಹಣ್ಣನ್ನು ಸುರಿಯುವುದು, ಮೇಲ್ಭಾಗದ ಕಿಂಡಿಗೆ ನೊಣ ನುಸುಳಲಾಗದಷ್ಟು ಕಿರಿದಾದ, ಕಣಜ ನುಸುಳಬಲ್ಲಷ್ಟು ಅಗಲವಾದ ಕಣ್ಣಿನ ಬಲೆ ಹಾಕುವುದು. ನೊಣ ಒಳಗೇ ಸಾಯುತ್ತದೆ, ಕಣಜ ಹೊರಬಂದು ಮರಕ್ಕೆ ಮರಳುತ್ತದೆ.

ನೆರೆಯವರಿಗೆ ಹೇಳಲು ಇನ್ನೊಂದು ಸಂಗತಿಯೂ ಇದೆ. ಕಾಡಿನಿಂದ ತೋಟಕ್ಕೆ ನೊಣ ಬರುತ್ತದೆಂಬ ಆತಂಕಕ್ಕೆ ಉತ್ತರ ಅಮೆರಿಕದ ರಾಗೊಲೆಟಿಸ್ ಪೊಮೊನೆಲ್ಲಾ ನಿಜವಾದ ಉದಾಹರಣೆ. ಹಾಥಾರ್ನ್ ಎಂಬ ಕಾಡುಮರದ ಹಣ್ಣಿನಲ್ಲಿದ್ದ ಆ ನೊಣ 19ನೇ ಶತಮಾನದ ಮಧ್ಯಭಾಗದಲ್ಲಿ ಸೇಬಿಗೆ ದಾಟಿತು. ಸೇಬು ಹಾಥಾರ್ನ್‌ಗಿಂತ ಕೆಲವು ವಾರ ಮೊದಲೇ ಹಣ್ಣಾಗುವುದರಿಂದ ಸೇಬಿನ ನೊಣಗಳು ಮಣ್ಣಿನಿಂದ ಏಳುವ ಕಾಲವೂ ಅಷ್ಟೇ ಬೇಗ ಬರತೊಡಗಿತು, ಎರಡು ಗುಂಪುಗಳು ಈಗ ಹೆಚ್ಚಾಗಿ ತಮ್ಮ ತಮ್ಮ ಹಣ್ಣಿನ ಮೇಲೆಯೇ ಕೂಡುತ್ತವೆ. ಆದರೆ ಅದು ವರ್ಷಕ್ಕೊಂದೇ ತಲೆಮಾರಿನ, ಕೆಲವೇ ಹಣ್ಣುಗಳಿಗೆ ಒಗ್ಗಿಕೊಂಡ ನೊಣ. ನಿಮ್ಮಲ್ಲಿರುವುದು ಸಿಕ್ಕ ಹಣ್ಣಿಗೆಲ್ಲ ಮೊಟ್ಟೆಯಿಡುವ ಜಾತಿ. ಅದಕ್ಕೆ ಕಾಡುಮರ ತವರಲ್ಲ, ದಾರಿಯಲ್ಲಿ ಸಿಗುವ ಹಲವು ತಂಗುದಾಣಗಳಲ್ಲಿ ಒಂದು.

ಉತ್ತರ: ಬಿತ್ತನೆಬುಟ್ಟಿ

ಗೊರಟಿನ ಪ್ರಶ್ನೆ ಹಾಗೆಯೇ ಉಳಿದಿದೆ. ಹಣ್ಣು ನೊಣದ ಹುಳು ತಿರುಳನ್ನು ತಿನ್ನುತ್ತದೆ, ಗೊರಟಿನ ಗಟ್ಟಿ ಕವಚವನ್ನು ಕೊರೆಯುವುದಿಲ್ಲ. ಆದ್ದರಿಂದ ಹುಳು ಬಿದ್ದ ಹಣ್ಣಿನ ಬೀಜ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಬಲಿಯುವ ಮೊದಲೇ ಉದುರಿದ ಹಣ್ಣಿನ ಬೀಜ ಮಾತ್ರ ಜೊಳ್ಳಾಗಿರಬಹುದು. ಗೊರಟನ್ನು ತೊಳೆದು, ಅಂಚಿನಲ್ಲಿ ಕವಚ ಬಿಡಿಸಿ ಒಳಗಿನ ಬೀಜ ಗಟ್ಟಿಯಾಗಿದೆಯೇ, ಕೀಟಗಣ್ಣು ಅವರು ಹೇಳಿದ ಮೂತಿಹುಳುವಿನ ತೂತು ಇಲ್ಲವೇ ಎಂದು ನೋಡಿಕೊಂಡು ಬಿತ್ತಿ. ಮಾವಿನ ಬೀಜ ಒಣಗಿದರೆ ಸಾಯುತ್ತದೆ, ಕೂಡಿಟ್ಟರೆ ಕೆಲವೇ ವಾರಗಳಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಬಿಡಿಸಿದ ದಿನವೇ ನೆಲಕ್ಕಿಳಿಸುವುದು ಉತ್ತಮ.

ಉತ್ತರ: ತೋಟದಾಕೆ

ಕಾಡುಹಾದಿಯವರ ಬಲೆಗೂಡಾರವನ್ನು ಒಪ್ಪುತ್ತೇನೆ, ಒಂದು ಎಚ್ಚರಿಕೆಯೊಂದಿಗೆ: ಬಲೆಯ ಕಣ್ಣು ಸರಿಯಾಗಿದೆಯೇ ಎಂದು ಮೊದಲು ಡಬ್ಬಿಯಲ್ಲಿ ಎದ್ದ ನೊಣಗಳನ್ನು ಅದರೊಳಗೆ ಬಿಟ್ಟು ಪರೀಕ್ಷಿಸಿಕೊಳ್ಳಿ. ನೊಣವೂ ಹೊರಬರುವ ಗುಡಾರಕ್ಕಿಂತ ಕಪ್ಪು ಚೀಲವೇ ವಾಸಿ.

ಇಳಿಜಾರಿನ ಕಡೆಯ ಸಮಸ್ಯೆಗೆ ಮರ ಕಡಿಯುವುದೂ ಬೇಡ, ಸುಮ್ಮನೆ ಬಿಡುವುದೂ ಬೇಡ. ಆ ಬದಿಗೆ ಚಾಚಿದ ಕೊಂಬೆಗಳಲ್ಲಿನ ಕಾಯಿಯನ್ನು ಮೊದಲು ಇಳಿಸಿ, ಬುಡದ ಪೊದೆಯನ್ನು ಫಸಲಿಗೆ ಮುಂಚೆ ಸವರಿ, ಇಳಿಜಾರಿನ ತಳದಲ್ಲಿ ಉರುಳಿಬಂದ ಹಣ್ಣು ನಿಲ್ಲುವಂತೆ ಒಂದು ಬಲೆಯನ್ನು ಅಡ್ಡಗಟ್ಟಿ. ಅದಾದ ಮೇಲೂ ಕೈಗೆ ಸಿಗದೆ ಹಣ್ಣು ಉದುರುವ ಕೊಂಬೆ ಇದ್ದರೆ ಅದೊಂದನ್ನು ಫಸಲು ಮುಗಿದ ಮೇಲೆ ಕತ್ತರಿಸಬಹುದು. ನೆರೆಯವರು ತಮ್ಮ ತೋಟದಲ್ಲಿ ಉದುರಿದ ಹಣ್ಣನ್ನು ಏನು ಮಾಡುತ್ತಾರೆಂದೂ ಒಮ್ಮೆ ವಿಚಾರಿಸಿ. ಬೇಲಿಯ ಎರಡೂ ಬದಿಯಲ್ಲಿ ಒಂದೇ ವಾರದಲ್ಲಿ ಆರಿಸಿದರೆ ಮಾತ್ರ ಈ ಕೆಲಸಕ್ಕೆ ಅರ್ಥವಿದೆ. ನೀವಿಬ್ಬರೂ ಸೇರಿ ಒಂದೊಂದು ಮೋಹಕ ಬಲೆ ಕಟ್ಟಿ, ಯಾವ ಬದಿಯಲ್ಲಿ ನೊಣ ಮೊದಲು ಏರುತ್ತದೆಂದು ಬರೆದಿಟ್ಟುಕೊಂಡರೆ, ಮುಂದಿನ ಫಸಲಿನ ಹೊತ್ತಿಗೆ ಯಾವ ಬದಿಯಲ್ಲಿ ಮೊದಲು ಆರಿಸತೊಡಗಬೇಕೆಂದು ಇಬ್ಬರಿಗೂ ಗೊತ್ತಿರುತ್ತದೆ.